ಬಣ್ಣಕ್ಕೆ ಉಂಗುರ ತೊಡಿಸುವ ಕೆಲಸ: ವಟ್ವಾದ ಕನ್ನಡ ಕೆಮಿಸ್ಟರಿಗೆ ಒಂದು ಬಹಿರಂಗ ಪತ್ರ



ಮಾನ್ಯರೇ,

ಎಂ.ಎಸ್ಸಿ. ಮುಗಿಸಿ ಕೆಲಸ ಅರಸಿಕೊಂಡು ಗುಜರಾತಿಗೆ ಹೋದವರು ನೀವು. ಅಹಮದಾಬಾದಿನ ಅಂಚಿನ ವಟ್ವಾದಲ್ಲೋ, ವಡೋದರಾ ಬದಿಯ ನಂದೇಸರಿಯಲ್ಲೋ, ಸೂರತ್ತಿನ ಸಚಿನ್‌ನಲ್ಲೋ ಒಂದು ಬಣ್ಣದ ಕಾರ್ಖಾನೆಯ ಲ್ಯಾಬು ನಿಮ್ಮ ಪಾಲಿಗೆ ಬಂದಿದೆ. ಬೆಳಗಾದರೆ ಎಚ್-ಆಸಿಡ್, ವಿನೈಲ್ ಸಲ್ಫೋನ್, ನೈಟ್ರೈಟು, ಐಸು. ಸಂಜೆಯಾದರೆ ಶೇಡು, ಸ್ಟ್ರೆಂತು, ಪಾರ್ಟಿಗೆ ಕಳಿಸಬೇಕಾದ ಸ್ಯಾಂಪಲ್ಲು. ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರದಲ್ಲಿ ಇಲ್ಲಿ ಬಳಕೆಗೆ ಬರುವುದು ಎರಡೋ ಮೂರೋ ಅಧ್ಯಾಯ, ಉಳಿದದ್ದೆಲ್ಲ ದೊಡ್ಡ ಸಂಸ್ಥೆಗಳವರ ಸೊತ್ತು ಎಂಬ ಭಾವನೆ ಬಣ್ಣದ ಉದ್ಯಮದಲ್ಲಿ ಬಲವಾಗಿ ಬೇರೂರಿದೆ. ಆ ಭಾವನೆ ತಪ್ಪು ಎಂದು ಒಂದೇ ಒಂದು ಉದಾಹರಣೆ ಹಿಡಿದು ನಿಮ್ಮೆದುರು ವಾದಿಸುವುದಕ್ಕಾಗಿ ಈ ಪತ್ರ. ಒಂದಕ್ಕೊಂದು ಬಂಧವಿಲ್ಲದೆಯೂ ಬಿಡಿಸಿಕೊಳ್ಳಲಾಗದಂತೆ ಸಿಕ್ಕಿಕೊಂಡಿರುವ ಅಣುಗಳು ಇಂದಿನ ರಸಾಯನಶಾಸ್ತ್ರದ ಅತಿ ಸೊಗಸಿನ ವಿಷಯಗಳಲ್ಲೊಂದು. ಅಂಥ ಅಣುಗಳನ್ನು ಸಾವಯವ ಬಣ್ಣಗಳಿಂದ ಕಟ್ಟುವ ಕೆಲಸದ ಮುಖ್ಯ ಹಂತಗಳು ನಿಮ್ಮ ವೆಸಲ್ಲಿನಲ್ಲಿ ದಿನವೂ ನಡೆಯುತ್ತಿವೆ. ಹಾಗಿರುವಾಗ ಅದನ್ನು ಪರೀಕ್ಷಿಸಿ ನೋಡುವ ಹಕ್ಕೂ ಹೊಣೆಯೂ ನಿಮಗಿದೆ ಎಂಬುದೇ ನನ್ನ ವಾದ.

ವಿಷಯ ಏನೆಂದು ಮೊದಲು ಹೇಳಿಬಿಡುತ್ತೇನೆ. ದಾರಕ್ಕೆ ಮಣಿ ಪೋಣಿಸಿ ಎರಡೂ ತುದಿಗೆ ದಪ್ಪ ಗಂಟು ಹಾಕಿದರೆ ಮಣಿ ದಾರಕ್ಕೆ ಅಂಟಿಕೊಳ್ಳುವುದಿಲ್ಲ, ಆದರೆ ದಾರ ಬಿಟ್ಟು ಹೋಗುವುದೂ ಇಲ್ಲ. ಅಣುಗಳ ಮಟ್ಟದಲ್ಲಿ ಇಂಥ ರಚನೆಯನ್ನು ರೋಟಾಕ್ಸೇನ್ ಎನ್ನುತ್ತಾರೆ. ಎರಡು ಉಂಗುರಗಳು ಸರಪಳಿಯ ಕೊಂಡಿಗಳ ಹಾಗೆ ಒಂದರೊಳಗೊಂದು ಸೇರಿಕೊಂಡಿದ್ದರೆ ಅದು ಕೆಟಿನೇನ್. ಉಂಗುರಕ್ಕೂ ದಾರಕ್ಕೂ ನಡುವೆ ಎಲೆಕ್ಟ್ರಾನ್ ಹಂಚಿಕೊಂಡ ಬಂಧ ಇರುವುದಿಲ್ಲ, ಆದರೂ ಅವನ್ನು ಬೇರೆ ಮಾಡಬೇಕಾದರೆ ಯಾವುದಾದರೊಂದು ಬಂಧವನ್ನು ಮುರಿಯಲೇಬೇಕು. 1960ರಲ್ಲಿ ಎಡೆಲ್ ವಾಸರ್‌ಮನ್ ಮೊದಲ ಕೆಟಿನೇನ್ ಮಾಡಿದಾಗ ಅದು ಅದೃಷ್ಟವನ್ನೇ ನಂಬಿದ ಕೆಲಸವಾಗಿತ್ತು: ಉದ್ದನೆಯ ಅಣು ಉಂಗುರವಾಗಿ ಮುಚ್ಚಿಕೊಳ್ಳುವ ಹೊತ್ತಿಗೆ ಇನ್ನೊಂದು ಉಂಗುರದೊಳಗೆ ಹಾದು ನಿಂತಿರಬೇಕು. 1967ರಲ್ಲಿ ಹ್ಯಾರಿಸನ್ ಜೋಡಿ ಮೊದಲ ರೋಟಾಕ್ಸೇನ್ ಪಡೆಯಲು ಒಂದೇ ಕ್ರಿಯೆಯನ್ನು 70 ಬಾರಿ ನಡೆಸಬೇಕಾಯಿತು, ಇಳುವರಿ ಬಂದದ್ದು ಶೇಕಡಾ 6. ಇಷ್ಟು ಕೇಳಿದರೆ ಯಾವ ಕಾರ್ಖಾನೆಯವನೂ ಬಾಗಿಲು ಹಾಕಿಕೊಳ್ಳುತ್ತಾನೆ. ಆದರೆ 1983ರಲ್ಲಿ ಫ್ರಾನ್ಸಿನ ಜಾನ್-ಪಿಯೆರ್ ಸೊವಾಜ್ ತಾಮ್ರದ ಅಯಾನಿನ ಸುತ್ತ ಎರಡೂ ತುಂಡುಗಳನ್ನು ಮೊದಲೇ ಸರಿಯಾಗಿ ನಿಲ್ಲಿಸಿ, ಆಮೇಲೆ ಉಂಗುರ ಮುಚ್ಚುವ ದಾರಿ ತೋರಿಸಿದರು. ಅಲ್ಲಿಂದ ಅದೃಷ್ಟದ ಮಾತು ಹೋಯಿತು, ಯೋಜನೆಯ ಮಾತು ಬಂತು. 1991ರಲ್ಲಿ ಫ್ರೇಸರ್ ಸ್ಟಾಡರ್ಟ್ ದಾರದ ಮೇಲೆ ಆಚೀಚೆ ಓಡಾಡುವ ಉಂಗುರವನ್ನು ಮಾಡಿದರು. ಇವರಿಬ್ಬರಿಗೂ ಬೆನ್ ಫೆರಿಂಗಾ ಅವರಿಗೂ 2016ರ ನೊಬೆಲ್ ಸಿಕ್ಕಿದ್ದು ನಿಮಗೆ ಗೊತ್ತೇ ಇದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಉಂಗುರವನ್ನು ಬಣ್ಣದ ಅಣುವಿಗೆ ತೊಡಿಸಲು ಅತಿ ಸುಲಭವಾದ ಮಾಧ್ಯಮ ನೀರು, ಅತಿ ಸುಲಭವಾದ ಉಂಗುರ ಸೈಕ್ಲೋಡೆಕ್ಸ್‌ಟ್ರಿನ್. ಪಿಷ್ಟದ ಮೇಲೆ ಒಂದು ಕಿಣ್ವವನ್ನು ಕೆಲಸಕ್ಕೆ ಹಚ್ಚಿದರೆ ಆರು, ಏಳು ಅಥವಾ ಎಂಟು ಗ್ಲೂಕೋಸ್ ಘಟಕಗಳು ಸುತ್ತಿಕೊಂಡು ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಯ ಉಂಗುರಗಳಾಗುತ್ತವೆ. ಹೊರಮೈ ನೀರಿಗೆ ಒಗ್ಗುತ್ತದೆ, ಒಳಮೈ ಒಗ್ಗುವುದಿಲ್ಲ. ಆದ್ದರಿಂದ ನೀರಿನಲ್ಲಿ ಇರಲು ಇಷ್ಟಪಡದ ಬೆಂಜೀನ್ ಉಂಗುರದಂಥ ಭಾಗಗಳು ಅದರೊಳಗೆ ತಾವಾಗಿ ಸೇರಿಕೊಳ್ಳುತ್ತವೆ. ನಡುವೆ ತೆಳ್ಳಗೆ, ನೀರಿಗೆ ಒಗ್ಗದಂತೆ ಇರುವ ಒಂದು ಡೈಅಮೀನನ್ನು ತೆಗೆದುಕೊಂಡು ಎರಡೂ ತುದಿಯನ್ನು ಡಯಾಜೋ ಮಾಡಿ, ಸೈಕ್ಲೋಡೆಕ್ಸ್‌ಟ್ರಿನ್ ಇರುವ ತಣ್ಣನೆಯ ನೀರಿನಲ್ಲಿ ಬಿಡಿ. ಉಂಗುರ ಅದರ ನಡುವಿಗೆ ಬರುತ್ತದೆ. ಆಮೇಲೆ ನ್ಯಾಫ್ತಾಲ್ ಸಲ್ಫೋನಿಕ್ ಆಸಿಡ್‌ನೊಂದಿಗೆ ಎರಡೂ ತುದಿಯನ್ನು ಕಪ್ಲಿಂಗ್ ಮಾಡಿದರೆ ತುದಿಗಳು ಉಂಗುರದ ರಂಧ್ರಕ್ಕಿಂತ ದಪ್ಪವಾಗುತ್ತವೆ. ಉಂಗುರ ಅಲ್ಲೇ ಉಳಿಯುತ್ತದೆ. ಹೀಗೆ ಕಪ್ಲಿಂಗೇ ಗಂಟು ಹಾಕುವ ಕ್ರಿಯೆ, ಅದೇ ಬಣ್ಣ ಹುಟ್ಟಿಸುವ ಕ್ರಿಯೆಯೂ ಹೌದು. ಸೊನ್ನೆಯಿಂದ ಐದು ಡಿಗ್ರಿಯ ನಡುವೆ ತಾಪ ಕಾಯುವುದು, ಪಿಷ್ಟ-ಅಯೊಡೈಡ್ ಕಾಗದದಲ್ಲಿ ನೈಟ್ರಸ್ ನೋಡುವುದು, ಫಿಲ್ಟರ್ ಕಾಗದದ ಮೇಲೆ ಸ್ಪಾಟ್ ಹಾಕಿ ಡಯಾಜೋ ಉಳಿದಿದೆಯೇ ಎಂದು ಪರೀಕ್ಷಿಸುವುದು, ಎಚ್-ಆಸಿಡ್ ಆಮ್ಲದಲ್ಲಿ ಒಂದು ಕಡೆ, ಕ್ಷಾರದಲ್ಲಿ ಇನ್ನೊಂದು ಕಡೆ ಕಪ್ಲಿಂಗ್ ಆಗುತ್ತದೆಂದು ಪಿಎಚ್ ನೋಡಿಕೊಂಡು ಸೋಡಾ ಸುರಿಯುವುದು: ಇವೆಲ್ಲ ನಿಮಗೆ ಕೈಚಳಕವಾಗಿ ಬಂದಿರುವ ವಿದ್ಯೆ. ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬ ಇದನ್ನು ಕಲಿಯಲು ತಿಂಗಳುಗಟ್ಟಲೆ ಒದ್ದಾಡುತ್ತಾನೆ.

ಇದು ಕಾಗದದ ಮೇಲಿನ ಕಲ್ಪನೆಯಲ್ಲ. ಸೈಕ್ಲೋಡೆಕ್ಸ್‌ಟ್ರಿನ್ ಉಂಗುರದ ಮೊದಲ ರೋಟಾಕ್ಸೇನನ್ನು ಜಪಾನಿನ ಒಗಿನೋ 1981ರಲ್ಲೇ ಪ್ರಕಟಿಸಿದರು. ಆಕ್ಸ್‌ಫರ್ಡಿನ ಹ್ಯಾರಿ ಆಂಡರ್ಸನ್ ಅವರ ತಂಡ ಅಜೋ ಬಣ್ಣಗಳಿಗೆ ಇದೇ ಉಂಗುರ ತೊಡಿಸಿತು. 2001ರ ಅವರ ಪ್ರಬಂಧ ನಿಮಗಾಗಿಯೇ ಬರೆದಂತಿದೆ: ಉಂಗುರ ತೊಟ್ಟ ಅಜೋ ಬಣ್ಣ ದ್ರಾವಣದಲ್ಲಿ ಹೆಚ್ಚು ಸ್ಥಿರವಾಗಿತ್ತು, ಸೆಲ್ಯುಲೋಸಿಗೆ, ಎಂದರೆ ಹತ್ತಿಯ ನಾರು ಯಾವುದರಿಂದ ಆಗಿದೆಯೋ ಅದಕ್ಕೆ, ಬೆಸೆದುಕೊಂಡ ಮೇಲೂ ಹೆಚ್ಚು ಸ್ಥಿರವಾಗಿತ್ತು. ಆ ಪ್ರಬಂಧದ ಲೇಖಕರಲ್ಲಿ ಬಣ್ಣದ ಕೈಗಾರಿಕೆಯವರೇ ಆದ ಮೈಕೆಲ್ ಹಚಿಂಗ್ಸ್ ಒಬ್ಬರು. ಬಣ್ಣವನ್ನು ಹತ್ತಿಗೆ ರಾಸಾಯನಿಕವಾಗಿ ಬೆಸೆಯುವುದು ರಿಯಾಕ್ಟಿವ್ ಬಣ್ಣಗಳ ಕೆಲಸ. 1956ರಲ್ಲಿ ಐಸಿಐ ಕಂಪನಿ ಅವನ್ನು ಮಾರುಕಟ್ಟೆಗೆ ತಂದಿತು, ವಟ್ವಾದ ಅನ್ನ ಇಂದು ಬಹುಪಾಲು ಅವುಗಳಿಂದಲೇ. ಅಜೋ ಬಂಧಕ್ಕೆ ಇನ್ನೊಂದು ಗುಣವಿದೆ. ಬೆಳಕು ಬಿದ್ದರೆ ಅದು ನೇರ ರೂಪದಿಂದ ಬಾಗಿದ ರೂಪಕ್ಕೆ ತಿರುಗುತ್ತದೆ, ಬಾಗಿದ ರೂಪದ ಮೇಲೆ ಆಲ್ಫಾ ಉಂಗುರಕ್ಕೆ ಕೂರಲು ಆಗುವುದಿಲ್ಲ. 1997ರಲ್ಲಿ ಜಪಾನಿನ ನಕಾಶಿಮಾ ತಂಡ ಇದನ್ನೇ ಬಳಸಿ ಬೆಳಕಿನ ಬಲದಿಂದ ಆಚೀಚೆ ಸರಿಯುವ ಉಂಗುರವನ್ನು ಮಾಡಿತು. ನೀವು ಡ್ರಮ್ಮುಗಟ್ಟಲೆ ತುಂಬಿಸಿ ಕಳಿಸುವ ಬಣ್ಣದ ಒಡಲಲ್ಲಿರುವ ಬಂಧವೇ ಅಲ್ಲಿ ಯಂತ್ರದ ಚಾಲಕ.

ಇದೆಲ್ಲ ಪ್ರೊಫೆಸರರ ಕೆಲಸ, ಕಾರ್ಖಾನೆಯವರು ಇದರಲ್ಲಿ ಕೈ ಹಾಕಿ ಏನು ಸಾಧಿಸಿಯಾರು ಎಂಬುದು ಮೊದಲ ಆಕ್ಷೇಪ. ಈ ವಿಷಯದ ಚರಿತ್ರೆಯೇ ಅದಕ್ಕೆ ಉತ್ತರ ಕೊಡುತ್ತದೆ. ವಾಸರ್‌ಮನ್ ಕೆಲಸ ಮಾಡುತ್ತಿದ್ದದ್ದು ಬೆಲ್ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ. ಉಂಗುರದೊಳಗೆ ಅತಿಥಿ ಅಣುವನ್ನು ಕೂರಿಸಿಕೊಳ್ಳುವ ವಿದ್ಯೆಗೆ ನಾಂದಿ ಹಾಡಿದ ಕ್ರೌನ್ ಈಥರುಗಳನ್ನು ಕಂಡವರು ಡುಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್‌ಸನ್. ಅವರು ಬೇರೇನನ್ನೋ ಮಾಡಹೊರಟಾಗ ಶೇಕಡಾ ಅರ್ಧಕ್ಕೂ ಕಡಿಮೆ ಇಳುವರಿಯಲ್ಲಿ ಸಿಕ್ಕ ಉಪ-ಉತ್ಪನ್ನ ಅದು. ಚೆಲ್ಲದೆ ಅದೇನೆಂದು ನೋಡಿದರು, 1967ರಲ್ಲಿ ಪ್ರಕಟಿಸಿದರು, 1987ರಲ್ಲಿ ನೊಬೆಲ್ ಹಂಚಿಕೊಂಡರು. ಪೆಡರ್‌ಸನ್ನರಿಗೆ ಪಿಎಚ್.ಡಿ. ಇರಲಿಲ್ಲ. ಓದಿದ್ದು ನಿಮ್ಮ ಹಾಗೆಯೇ ಸ್ನಾತಕೋತ್ತರದವರೆಗೆ. ಇನ್ನು ಸ್ಟಾಡರ್ಟ್ ಅವರ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಉಂಗುರದ ಮೂಲ ಯಾವುದು ಗೊತ್ತೇ? ಕಳೆನಾಶಕ ಪ್ಯಾರಾಕ್ವಾಟ್. 1978ರಿಂದ 1981ರವರೆಗೆ ಅವರು ಐಸಿಐಯ ಪ್ರಯೋಗಾಲಯದಲ್ಲಿದ್ದರು. ಆ ಕಂಪನಿಯ ಸರಕಾಗಿದ್ದ ಡೈಕ್ವಾಟ್, ಪ್ಯಾರಾಕ್ವಾಟ್‌ಗಳು ಕ್ರೌನ್ ಈಥರಿನೊಳಗೆ ಹೇಗೆ ಕೂರುತ್ತವೆ ಎಂಬ ಪ್ರಶ್ನೆಯಿಂದ ಮುಂದಿನ ದಾರಿ ತೆರೆಯಿತು. ಅದೇ ಐಸಿಐ ಗುಜರಾತಿನ ನೆಲಕ್ಕೂ ಹೊರಗಿನದಲ್ಲ. ಕಸ್ತೂರಭಾಯಿ ಲಾಲಭಾಯಿ 1947ರಲ್ಲಿ ವಲ್ಸಾಡಿನ ಬಳಿ ಕಟ್ಟಿದ ಅತುಲ್ ಕಂಪನಿಯೊಂದಿಗೆ ಕೂಡಿ ಅದು ಬಣ್ಣ ಮಾಡಿತ್ತು. ಹಾಗಾಗಿ ಕಾರ್ಖಾನೆಯಲ್ಲಿ ಕೈಗೆ ಸಿಗುವ ಪದಾರ್ಥವನ್ನು ಮಾರುವ ಕಣ್ಣಿನಿಂದಲ್ಲದೆ ಇನ್ನೊಂದು ಕಣ್ಣಿನಿಂದಲೂ ನೋಡಿದವರೇ ಈ ಶಾಸ್ತ್ರವನ್ನು ಬೆಳೆಸಿದ್ದಾರೆ ಎನ್ನುವುದು ಉತ್ಪ್ರೇಕ್ಷೆಯಲ್ಲ.

ಎರಡನೆಯ ಆಕ್ಷೇಪ ಹಣದ್ದು, ಅದು ಗಟ್ಟಿಯಾದ ಆಕ್ಷೇಪ. ಲೆಕ್ಕ ಹಾಕಿ ನೋಡೋಣ. ಆಲ್ಫಾ ಸೈಕ್ಲೋಡೆಕ್ಸ್‌ಟ್ರಿನ್ನಿನ ಅಣುತೂಕ ಸುಮಾರು 973. ನಿಮ್ಮ ಬಣ್ಣದ ಅಣುತೂಕ 500 ಎಂದಿಟ್ಟುಕೊಂಡರೆ, ಒಂದು ಉಂಗುರ ತೊಡಿಸಿದ ಕೂಡಲೇ ಅದು 1,473 ಆಗುತ್ತದೆ. ಆ ತೂಕದಲ್ಲಿ ಬಣ್ಣ ಕೊಡುವ ಭಾಗ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಬಣ್ಣವೇ ಇಲ್ಲದ ಸಕ್ಕರೆ. ಕಿಲೋ ಲೆಕ್ಕದಲ್ಲಿ ಸ್ಟ್ರೆಂತ್ ನೂರರಿಂದ ಮೂವತ್ತನಾಲ್ಕಕ್ಕೆ ಇಳಿಯುತ್ತದೆ. ಸ್ಟ್ರೆಂತಿನಲ್ಲಿ ಎರಡು ಪಾಯಿಂಟ್ ಕಡಿಮೆ ಬಂದರೂ ಲಾಟು ವಾಪಸ್ ಬರುವ ವ್ಯಾಪಾರದಲ್ಲಿ ಈ ಮಾತನ್ನು ಶೇಠ್‌ಗೆ ಹೇಳಿ ನೋಡಿ! ದಪ್ಪನೆಯ ರಿಯಾಕ್ಟಿವ್ ಬ್ಲ್ಯಾಕ್ 5ರಂಥ ಬಣ್ಣದಲ್ಲೂ ಅರ್ಧದಷ್ಟು ತೂಕ ಉಂಗುರದ್ದೇ ಆದೀತು. ಮೇಲಾಗಿ ಕಪ್ಲಿಂಗ್ ನಿಧಾನವಾಗಬಹುದು, ಉಂಗುರ ತೊಟ್ಟದ್ದನ್ನೂ ತೊಡದ್ದನ್ನೂ ಬೇರೆ ಮಾಡಬೇಕು, ಉಪ್ಪು ಹಾಕಿ ಸಾಲ್ಟಿಂಗ್ ಮಾಡಿದರೆ ಎರಡೂ ಒಟ್ಟಿಗೇ ಬೀಳಬಹುದು. ಆದುದರಿಂದ ಅಂಗಿ, ಲುಂಗಿ, ಬೆಡ್‌ಶೀಟಿನ ಬಣ್ಣವಾಗಿ ಇದು ಟನ್ನುಗಟ್ಟಲೆ ಮಾರಾಟವಾದೀತು ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ನಾನಂತೂ ಹಾಗೆ ಹೇಳುತ್ತಿಲ್ಲ.

ಮೂರನೆಯ ಆಕ್ಷೇಪವನ್ನು ಉದ್ಯಮದವರು ಎತ್ತುವುದು ಕಡಿಮೆ. ಆದರೆ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಬಟ್ಟೆಯ ಮೇಲೆ ಮಾಸದಿರುವುದು ಬಣ್ಣದ ಸದ್ಗುಣ, ನೀರಿಗೆ ಬಿದ್ದ ಮೇಲೆ ಅದೇ ದುರ್ಗುಣ. ರಿಯಾಕ್ಟಿವ್ ಬಣ್ಣದಲ್ಲಿ ಸಾಮಾನ್ಯವಾಗಿ ಶೇಕಡಾ 10ರಿಂದ 40ರಷ್ಟು ಬಟ್ಟೆಗೆ ಹತ್ತದೆ ಬಣ್ಣದ ಮನೆಯ ಮೋರಿಗೆ ಹೋಗುತ್ತದೆ. ಬ್ಲೀಚಿಗೆ, ಹೈಡ್ರೋಸಿಗೆ, ಬೆಳಕಿಗೆ ಬಗ್ಗದ ಬಣ್ಣವನ್ನು ಮಾಡಿದರೆ ಅದು ಸಂಸ್ಕರಣ ಘಟಕದ ಸೂಕ್ಷ್ಮಜೀವಿಗಳಿಗೂ ಬಗ್ಗದೆ ಹೊರಬರಬಹುದು. ಈ ಮಾತನ್ನು ವಟ್ವಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖಾರಿಕಟ್ ಕಾಲುವೆಯ ಮಾಲಿನ್ಯದ ಮೊಕದ್ದಮೆಯಲ್ಲಿ 1995ರಲ್ಲಿ ಗುಜರಾತ್ ಹೈಕೋರ್ಟು 756 ಘಟಕಗಳನ್ನು ಮುಚ್ಚಿಸಿದ್ದು ನಿಮ್ಮ ವಸಾಹತು ಮರೆಯಲಾಗದ ಸಂಗತಿ. ವಟ್ವಾದ ಸಾಮೂಹಿಕ ಸಂಸ್ಕರಣ ಘಟಕ ಬಂದದ್ದು ಆಮೇಲೆ. ಕೆಳಹೊಲಗಳ ರೈತರು ಕಾಲುವೆಯ ಕೆಂಪು ನೀರನ್ನು ಕೋರ್ಟಿನ ತನಕ ಒಯ್ಯದೇ ಇದ್ದಿದ್ದರೆ ಅದು ಬರುತ್ತಿತ್ತೇ ಎಂಬ ಪ್ರಶ್ನೆಯನ್ನು ನಿಮಗೇ ಬಿಡುತ್ತೇನೆ. ಹೊರಗಿನ ಒತ್ತಡದ ಇನ್ನೊಂದು ಉದಾಹರಣೆಯೂ ಇದೆ: 1994ರಲ್ಲಿ ಜರ್ಮನಿ ಕ್ಯಾನ್ಸರ್‌ಕಾರಕ ಅಮೀನ್ ಬಿಡುಗಡೆ ಮಾಡುವ ಅಜೋ ಬಣ್ಣಗಳನ್ನು ತಡೆದ ಮೇಲೆಯೇ ನಮ್ಮಲ್ಲಿ ನಿಷೇಧದ ಪಟ್ಟಿ 112 ಬಣ್ಣಗಳಿಗೆ ಬೆಳೆದದ್ದು. ಮೊದಲು ಮಾಡಿ, ಮಾರಿ, ಹಾನಿ ಕಂಡಮೇಲೆ ನಿಲ್ಲಿಸುವ ಈ ಕ್ರಮವನ್ನು ಉಂಗುರ ತೊಟ್ಟ ಬಣ್ಣದ ವಿಷಯದಲ್ಲೂ ಅನುಸರಿಸುವುದಾದರೆ ಅದು ವಟ್ವಾಕ್ಕೆ ಬಾರದಿರುವುದೇ ಲೇಸು.

ಹಾಗಿದ್ದರೆ ನಾನೇಕೆ ಇದನ್ನು ನಿಮಗೆ ಹೇಳುತ್ತಿದ್ದೇನೆ? ಬಣ್ಣಕ್ಕೆ ಬಟ್ಟೆಯ ಆಚೆಗೂ ಬದುಕಿದೆ, ಅಲ್ಲಿ ಲೆಕ್ಕ ಟನ್ನಿನದಲ್ಲ, ಗ್ರಾಮಿನದು ಎಂಬುದಕ್ಕಾಗಿ. ಸ್ಕ್ವಾರೇನ್ ಎಂಬ ಬಣ್ಣಗಳ ಕುಲವನ್ನು ನೋಡಿ. 1959ರಲ್ಲಿ ಮೊದಲು ತಯಾರಾದ ಸ್ಕ್ವಾರಿಕ್ ಆಸಿಡ್ ಎಂಬ ನಾಲ್ಕು ಇಂಗಾಲಗಳ ಚೌಕದ ಅಣುವಿಗೆ ಡೈಆಲ್ಕೈಲ್ ಅನಿಲೀನಿನಂಥ ಎರಡು ಅಣುಗಳನ್ನು, ನೀರನ್ನು ಆವಿಯಾಗಿಸಿ ತೆಗೆಯುತ್ತಾ, ಜೋಡಿಸಿದರೆ ಬರುವ ಕಡುನೀಲಿ ಬಣ್ಣ ಇದು. ಡೈಆಲ್ಕೈಲ್ ಅನಿಲೀನ್ ಎಂದರೆ ಸೂರತ್ತಿನ ಪಾಲಿಯೆಸ್ಟರ್ ಸೀರೆಗೆ ಹೋಗುವ ಡಿಸ್ಪರ್ಸ್ ಬಣ್ಣಗಳಿಗೆ ನೀವು ಬಳಸುವ ಕಪ್ಲರುಗಳ ಮನೆತನವೇ. ಸ್ಕ್ವಾರೇನ್ ಕೆಂಪು ಬೆಳಕನ್ನು ಬಲವಾಗಿ ಹೀರಿ ಕೆಂಪಿನಂಚಿನಲ್ಲಿ ಹೊಳೆಯುತ್ತದೆ. ಆ ಅಲೆಯುದ್ದದ ಬೆಳಕು ಮೈಯ ಮಾಂಸವನ್ನು ಹಾದು ಬರಬಲ್ಲದು, ಹಾಗಾಗಿ ದೇಹದೊಳಗೆ ನೋಡಲು ಅದು ಹೇಳಿಮಾಡಿಸಿದ ಬಣ್ಣ. ತೊಂದರೆ ಒಂದೇ: ನಡುವಿನ ಚೌಕಕ್ಕೆ ನೀರಿನಂಥ ಅಣುಗಳು ಬಂದು ಹೊಡೆದರೆ ಬಣ್ಣ ಹೋಯಿತು. ಅಣುಗಳು ಒಂದಕ್ಕೊಂದು ಅಂಟಿಕೊಂಡರೂ ಹೊಳಪು ಹೋಯಿತು. 2005ರಲ್ಲಿ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಬ್ರಾಡ್ಲಿ ಸ್ಮಿತ್ ಅವರ ತಂಡ ಆ ಚೌಕದ ಸುತ್ತ ಅಮೈಡುಗಳ ಒಂದು ಉಂಗುರವನ್ನು ಕಟ್ಟಿತು. ಹೊಡೆಯಲು ಬರುವ ಅಣುವಿಗೆ ದಾರಿ ಮುಚ್ಚಿತು, ಹೊಳಪು ಉಳಿಯಿತು. 2010ರಲ್ಲಿ ಅದೇ ತಂಡ ಇನ್ನೂ ಒಂದು ಹೆಜ್ಜೆ ಹೋಯಿತು: ಉಂಗುರದಲ್ಲಿ ಆಮ್ಲಜನಕವನ್ನು ಬಂಧಿಸಿಟ್ಟು, ಫ್ರೀಜರಿನಲ್ಲಿ ಸುಮ್ಮನಿದ್ದು ಮೈಬಿಸಿಗೆ ಬಂದಾಗ ತಾನಾಗಿ ಬೆಳಗುವ ಬಣ್ಣವನ್ನು ಮಾಡಿತು. ಇಲ್ಲಿ ಉಂಗುರದ ತೂಕ ಯಾರಿಗೂ ಹೊರೆಯಲ್ಲ, ಏಕೆಂದರೆ ಒಂದು ಪರೀಕ್ಷೆಗೆ ಬೇಕಾದ ಬಣ್ಣ ಮಿಲಿಗ್ರಾಮಿಗಿಂತ ಕಡಿಮೆ. ಮೋರಿಯ ಪ್ರಶ್ನೆಯೂ ಅಷ್ಟೇ ಸಣ್ಣದಾಗುತ್ತದೆ. ಸ್ಕ್ವಾರೇನುಗಳ ಬಗ್ಗೆ ತಿರುವನಂತಪುರದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅಜಯಘೋಷ್ ಅವರ ತಂಡ ಮಾಡಿರುವ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಿದೆ. ಎಂದಮೇಲೆ ಈ ವಿದ್ಯೆ ದೇಶಕ್ಕೆ ಹೊಸದೂ ಅಲ್ಲ.

ಉಂಗುರದ ವಿದ್ಯೆಯಿಂದ ನೀರಿಗೂ ಉಪಕಾರವಾಗಬಹುದು ಎಂಬುದನ್ನು ಇಲ್ಲೇ ಸೇರಿಸುತ್ತೇನೆ. ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಉಂಗುರಗಳನ್ನು ಒಂದಕ್ಕೊಂದು ಹೆಣೆದು ರಂಧ್ರಗಳ ಪಾಲಿಮರ್ ಮಾಡಿದರೆ ನೀರಿನಲ್ಲಿರುವ ಸಾವಯವ ಮಾಲಿನ್ಯವನ್ನು ಅದು ಬೇಗನೆ ಹಿಡಿದುಕೊಳ್ಳುತ್ತದೆ ಎಂದು ವಿಲಿಯಂ ಡಿಕ್ಟೆಲ್ ತಂಡ 2016ರಲ್ಲಿ ತೋರಿಸಿತು. ಅದು ಸಿಕ್ಕಿಕೊಂಡ ಅಣುವಲ್ಲ ನಿಜ. ಆದರೆ ಯಾವ ಬಣ್ಣ ಯಾವ ಉಂಗುರದೊಳಗೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬ ಪಟ್ಟಿ ಎರಡೂ ಕೆಲಸಕ್ಕೆ ಬೇಕು. ನಿಮ್ಮ ಕಾರ್ಖಾನೆಯ ಬಣ್ಣಗಳ ಮಟ್ಟಿಗೆ ಅಂಥ ಪಟ್ಟಿಯನ್ನು ನಿಮಗಿಂತ ಚೆನ್ನಾಗಿ ಯಾರು ಮಾಡಿಯಾರು?

ಉಪಕರಣವೆಲ್ಲಿದೆ ಎಂಬ ಆಕ್ಷೇಪ ಉಳಿಯಿತು. ಉಂಗುರ ನಿಜಕ್ಕೂ ದಾರದ ಮೇಲಿದೆಯೇ, ಪಕ್ಕದಲ್ಲಿ ಸುಮ್ಮನೆ ಬೆರೆತಿದೆಯೇ ಎಂದು ತಿಳಿಯಲು ಎನ್‌ಎಂಆರ್, ಮಾಸ್ ಸ್ಪೆಕ್ಟ್ರಮ್ ಬೇಕು, ಒಪ್ಪಿದೆ. ಆದರೆ ಮೊದಲ ಸೂಚನೆಗೆ ನಿಮ್ಮ ಲ್ಯಾಬೇ ಸಾಕು. ಸುಮ್ಮನೆ ಬೆರೆತ ಉಂಗುರ ದ್ರಾವಣವನ್ನು ತೆಳು ಮಾಡಿದರೆ ಕಳಚಿಕೊಳ್ಳುತ್ತದೆ, ಗಂಟು ಬಿದ್ದ ಉಂಗುರ ಕಳಚುವುದಿಲ್ಲ. ಟಿಎಲ್‌ಸಿ ಪ್ಲೇಟಿನಲ್ಲಿ ಅದು ಬೇರೆಯೇ ಕಲೆಯಾಗಿ ನಿಲ್ಲಬೇಕು. ಹೈಡ್ರೋಸ್ ಹಾಕಿ ಬಣ್ಣ ಹಾರುವ ವೇಗವನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಬಹುದು. ಅಲ್ಲಿ ಆಶೆ ಕಂಡರೆ ಆಮೇಲೆ ಮುಂದಿನ ಬಾಗಿಲುಗಳಿವೆ. ವಲ್ಲಭ ವಿದ್ಯಾನಗರದ ಸಿಕಾರ್ಟ್ ಹೊರಗಿನವರ ಮಾದರಿಗಳನ್ನೂ ಪರೀಕ್ಷಿಸಿಕೊಡುತ್ತದೆ. ವಿಕ್ರಮ್ ಸಾರಾಭಾಯಿ ಕಟ್ಟಿ ಬೆಳೆಸಿದ ಅಹಮದಾಬಾದಿನ ಅಟಿರಾ ಬಟ್ಟೆಯ ಪರೀಕ್ಷೆಗೆಂದೇ ಇದೆ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯಲ್ಲಿ ಅಮಿತಾವ ದಾಸ್ ಅವರ ತಂಡ ಕ್ರೌನ್ ಈಥರಿನೊಳಗೆ ದಾರ ಹೊಗಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾರ್ಥಸಾರಥಿ ಮುಖರ್ಜಿಯವರ ತಂಡ ಒಂದರೊಳಗೊಂದು ಸಿಕ್ಕಿಕೊಂಡ ಪಂಜರದ ಅಣುಗಳನ್ನು ಕಟ್ಟಿದೆ. ಇಂಥ ಕಡೆಗಳಿಗೆ ಕೈಗಾರಿಕೆಯಿಂದ ಒಂದು ಸರಿಯಾದ ಪ್ರಶ್ನೆ ಹೋದರೆ ಬೇಡವೆನ್ನುವವರು ಕಡಿಮೆ. ಹೋಗುವುದೇ ಕಡಿಮೆ ಎಂಬುದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇನೆ. ಕಾರ್ಖಾನೆಯ ಒಪ್ಪಿಗೆ ಪಡೆದು, ಗುಟ್ಟಿನ ಉತ್ಪನ್ನವನ್ನು ಬಿಟ್ಟು ಎಲ್ಲರಿಗೂ ಗೊತ್ತಿರುವ ಒಂದು ಅಜೋ ಬಣ್ಣವನ್ನು ಆರಿಸಿಕೊಳ್ಳಿ. ಅದರ ಅಮೀನು ನಿಷೇಧದ ಪಟ್ಟಿಗೆ ಕಾರಣವಾದ ಬೆಂಜಿಡೀನಿನ ಕುಲದ್ದಾಗಿರಬಾರದು. ಕಪ್ಲಿಂಗನ್ನು ಮೂರು ಬಗೆಯಲ್ಲಿ ನಡೆಸಿ: ಉಂಗುರವಿಲ್ಲದೆ, ಕಪ್ಲಿಂಗ್ ಮುಗಿದ ಮೇಲೆ ಉಂಗುರ ಬೆರೆಸಿ, ಕಪ್ಲಿಂಗಿಗೆ ಮೊದಲೇ ಉಂಗುರ ಬೆರೆಸಿ. ನಡುವಿನದನ್ನು ಬಿಡಬೇಡಿ. ಬರಿಯ ಬೆರಕೆಗೂ ಗಂಟಿಗೂ ಇರುವ ವ್ಯತ್ಯಾಸವನ್ನು ಹೇಳುವುದು ಅದೊಂದೇ. ಮೂರನ್ನೂ ಹತ್ತಿಯ ಮೇಲೆ ಏರಿಸಿ, ಬ್ಲೂ ವೂಲ್ ಮಾಪಕದ ಜೊತೆ ಬೆಳಕಿಗಿಟ್ಟು ಲೈಟ್ ಫಾಸ್ಟ್‌ನೆಸ್ ನೋಡಿ. ಅಷ್ಟೇ ಮುಖ್ಯವಾಗಿ ಮೂರನ್ನೂ ಸಂಸ್ಕರಣ ಘಟಕದ ಜೀವಂತ ಕೆಸರಿನಲ್ಲಿಟ್ಟು ಎಷ್ಟು ದಿನಕ್ಕೆ ಬಣ್ಣ ಒಡೆಯುತ್ತದೆ ಎಂದು ಬರೆದಿಡಿ. ಒಡೆಯದೇ ಹೋದರೆ ಆ ಫಲಿತಾಂಶವನ್ನು ವರದಿಯ ಮೊದಲ ಪುಟಕ್ಕೆ ಹಾಕಿ, ಕೊನೆಯ ಪುಟದ ಅಡಿಟಿಪ್ಪಣಿಗಲ್ಲ. ಫಲ ಬಾರದ ಪ್ರಯೋಗವನ್ನೂ ಬರೆದಿಡಿ, ಏಕೆಂದರೆ ನಿಮ್ಮ ಬಣ್ಣಕ್ಕೆ ಆಲ್ಫಾ ಉಂಗುರ ಹಿಡಿಸದಿದ್ದರೆ ಬೀಟಾ ಹಿಡಿಸೀತೇ ಎಂಬ ಮುಂದಿನವರ ಪ್ರಶ್ನೆಗೆ ಅದೇ ಉತ್ತರ.

ಇನ್ನೊಂದು ಬೇಡಿಕೆ ಕನ್ನಡದ ಪರವಾಗಿ. ಧಾರವಾಡ, ಶಂಕರಘಟ್ಟ, ಕಲಬುರಗಿ, ಮಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಈಗ ಸ್ನಾತಕೋತ್ತರ ಓದುತ್ತಿರುವವರಲ್ಲಿ ಕೆಲವರು ನಾಳೆ ನಿಮ್ಮ ಪಕ್ಕದ ಬೆಂಚಿಗೆ ಬರುವವರು. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾ ಪ್ರತಿ ವರ್ಷ ಅವರು ಹಳೆಯ ಹತ್ತು ವಿಷಯಗಳಲ್ಲೇ ಒಂದನ್ನು ಮತ್ತೆ ಮಾಡುತ್ತಾರೆ. ಡಯಾಜೋ ಕಪ್ಲಿಂಗ್ ಅವರ ಪಠ್ಯದಲ್ಲಿದೆ, ಸೈಕ್ಲೋಡೆಕ್ಸ್‌ಟ್ರಿನ್ ಬಾಟಲಿಯಲ್ಲಿ ಸಿಗುತ್ತದೆ. ಎರಡನ್ನೂ ಕೂಡಿಸಿದರೆ ಆರು ತಿಂಗಳಿಗೆ ಸಾಕಾಗುವ, ಉತ್ತರ ಮೊದಲೇ ಗೊತ್ತಿರದ ಒಂದು ಪ್ರಶ್ನೆ ಸಿಗುತ್ತದೆ. ನೀವು ಓದಿದ ಕಾಲೇಜಿನ ಮೇಷ್ಟ್ರಿಗೆ ಒಂದು ಕಾಗದ ಬರೆದು ಈ ಪ್ರಶ್ನೆಯನ್ನು ತಿಳಿಸಿ, ಪ್ಲಾಂಟಿನಲ್ಲಿ ಕಪ್ಲಿಂಗ್ ಕೆಡುವುದು ಹೇಗೆ ಎಂಬುದನ್ನೂ ಕನ್ನಡದಲ್ಲೇ ವಿವರಿಸಿ. ಪುಸ್ತಕದಲ್ಲಿ ಸಿಗದ ಆ ವಿವರ ನಿಮ್ಮ ಹತ್ತಿರ ಮಾತ್ರ ಇದೆ. ಕೆಲಸದ ಒತ್ತಡ, ಪಾಳಿ, ಮಾಲೀಕರ ಅನುಮಾನ ಇವುಗಳ ನಡುವೆ ಇದಕ್ಕೆ ಬಿಡುವೆಲ್ಲಿ ಎಂದು ನೀವು ಕೇಳುವುದು ನ್ಯಾಯವೇ. ಹಾಗಾಗಿ ಒಬ್ಬೊಬ್ಬರಾಗಿ ಮಾಡಬೇಡಿ, ವಟ್ವಾದಲ್ಲಿರುವ ಮೂರು ನಾಲ್ಕು ಜನ ಸೇರಿ ಒಂದು ಬಣ್ಣವನ್ನು ಹಂಚಿಕೊಳ್ಳಿ. ಈ ಮಳೆಗಾಲ ಮುಗಿಯುವುದರೊಳಗೆ ಮೊದಲ ಮೂರು ಫ್ಲಾಸ್ಕುಗಳನ್ನು ಇಡಿ, ಬಂದ ಫಲವನ್ನು, ಅದು ಏನೇ ಇರಲಿ, ನಾಡಿನ ಒಂದು ಪತ್ರಿಕೆಗೆ ಕಳಿಸಿಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಕನ್ನಡದ ಒಬ್ಬ ವಿಜ್ಞಾನ ಬರಹಗಾರ